ಶುಕ್ಲಾಜಿ ಬೀದಿಯ ಅಫೀಮು: ‘ನಾರ್ಕೊಪೊಲಿಸ್’ ಕಾದಂಬರಿಯಲ್ಲಿ ಅಮಲು ಮತ್ತು ದುಡಿಮೆ

ಮಹಾಕಾವ್ಯದಲ್ಲಿ ಇರತಕ್ಕ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ಆಲಂಕಾರಿಕರು ಎಣಿಸಿದ್ದಾರೆ. ಹಳಗನ್ನಡ ಕವಿಗಳು ಈ ವಿಧಿಯನ್ನು ಮೀರಲಿಲ್ಲ. ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ವೇಶ್ಯಾವಾಟದ ನಡುವೆ ಪಾನಗೋಷ್ಠಿಯ ಚಿತ್ರವೊಂದು ಬರುತ್ತದೆ; ಕುಡಿದವರ ತೊದಲು, ಮುನಿಸು, ವಿನೋದಗಳು ಅಲ್ಲಿ ಕಣ್ಣಿಗೆ ಕಟ್ಟುವಂತಿವೆ. ಆದರೆ ಆ ಮದ್ಯವನ್ನು ಇಳಿಸಿದವರಾರು, ಗೋಷ್ಠಿ ಮುಗಿದ ಮೇಲೆ ಬಟ್ಟಲುಗಳನ್ನು ತೊಳೆದಿಟ್ಟವರಾರು ಎಂಬುದು ವರ್ಣನೆಗೆ ವಸ್ತುವಲ್ಲ. ಇದನ್ನು ಪಂಪನ ಕೊರತೆಯೆಂದು ಎಣಿಸಬೇಕಾಗಿಲ್ಲ. ಅಮಲಿನ ಸಾಹಿತ್ಯವು ಎಲ್ಲ ದೇಶಗಳಲ್ಲಿಯೂ ಬಹುಮಟ್ಟಿಗೆ ಸೇವಿಸುವವನ ಸಾಹಿತ್ಯವೇ ಆಗಿದೆ. ೧೮೨೧ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಥಾಮಸ್ ಡಿ ಕ್ವಿನ್ಸಿ ಪ್ರಕಟಿಸಿದ ಆತ್ಮನಿವೇದನೆಯೇ ಆಧುನಿಕ ಕಾಲದಲ್ಲಿ ಈ ಬಗೆಯ ಬರಹಕ್ಕೆ ಮೂಲಮಾದರಿ. ಅಲ್ಲಿ ಆಕ್ಸ್‌ಫರ್ಡ್ ಬೀದಿಯ ಔಷಧ ವ್ಯಾಪಾರಿಯೊಬ್ಬನಿಂದ ಮೊತ್ತಮೊದಲು ಅಫೀಮನ್ನು ಕೊಂಡ ಪ್ರಸಂಗವಿದೆ. ಆ ವ್ಯಾಪಾರಿ ಚಿಲ್ಲರೆಯನ್ನೂ ಹಿಂದಿರುಗಿಸುತ್ತಾನೆ. ಆದರೆ ಮರಳಿ ಅರಸಿದಾಗ ಆತ ಸಿಕ್ಕದೆ ಹೋದುದರಿಂದ, ಅವನು ಈ ಲೋಕದವನೇ ಅಲ್ಲವೆಂದು ಗ್ರಂಥಕರ್ತನು ಭಾವಿಸಿಕೊಳ್ಳುತ್ತಾನೆ. ಮಾರಿದವನು ಹೀಗೆ ಆವಿಯಾಗಿ ಹೋಗುವುದು, ಸೇವಿಸಿದವನ ಕನಸು ಮಾತ್ರ ಉಳಿಯುವುದು ಈ ಸಂಪ್ರದಾಯದ ರೂಢಿ.

ಜೀತ್ ಥಾಯಿಲ್ ಅವರ ಇಂಗ್ಲಿಷ್ ಕಾದಂಬರಿ ‘ನಾರ್ಕೊಪೊಲಿಸ್’ ಈ ರೂಢಿಯನ್ನು ಅರ್ಧ ಮುರಿದಿದೆ, ಅರ್ಧ ಪಾಲಿಸಿದೆ. ೧೯೫೯ರಲ್ಲಿ ಕೇರಳದಲ್ಲಿ ಹುಟ್ಟಿದ ಥಾಯಿಲ್ ಮೊದಲು ಕವಿಯೆಂದೇ ಪ್ರಸಿದ್ಧರಾದವರು. ಬೆಂಗಳೂರಿನಲ್ಲಿ ಬಹುಕಾಲ ನೆಲೆಸಿದ್ದ ಪತ್ರಕರ್ತ ಟಿ.ಜೆ.ಎಸ್. ಜಾರ್ಜ್ ಅವರ ಪುತ್ರರು. ಸುಮಾರು ಎರಡು ದಶಕ ತಾವೂ ಈ ವ್ಯಸನಕ್ಕೆ ಒಳಗಾಗಿದ್ದುದನ್ನು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಾದಂಬರಿ ೨೦೧೨ರಲ್ಲಿ ಪ್ರಕಟವಾಯಿತು. ಆ ವರ್ಷದ ಮ್ಯಾನ್ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ೨೦೧೩ರಲ್ಲಿ ದಕ್ಷಿಣ ಏಷ್ಯದ ಸಾಹಿತ್ಯಕ್ಕೆ ಮೀಸಲಾದ ಡಿ.ಎಸ್.ಸಿ. ಪ್ರಶಸ್ತಿಯನ್ನು ಗಳಿಸಿತು. ಕಥಾಸ್ಥಳ ಮುಂಬಯಿಯ ಕಾಮಾಠಿಪುರಕ್ಕೆ ಸೇರಿದ ಶುಕ್ಲಾಜಿ ಬೀದಿ. ನಿಜಾಮನ ಪ್ರಾಂತದಿಂದ ಕೂಲಿಗಾಗಿ ಬಂದ ತೆಲುಗು ಕಾಮಾಠಿಗಳಿಂದ ಹೆಸರು ಪಡೆದ ಈ ಕೇರಿ, ಮುಂದೆ ವೇಶ್ಯಾವೃತ್ತಿಯ ಕೇರಿಯೆಂಬ ಒಂದೇ ಹೆಸರಿನಿಂದ ಗುರುತಿಸಲ್ಪಟ್ಟಿತು. ಎಪ್ಪತ್ತರ ದಶಕದಲ್ಲಿ ರಶೀದನೆಂಬವನು ಅಲ್ಲಿ ನಡೆಸುವ ಚಂಡೂಖಾನೆಯಿಂದ ಕತೆ ಮೊದಲಾಗಿ ೨೦೦೪ರ ಸುಮಾರಿಗೆ ಮುಗಿಯುತ್ತದೆ. ಅಮೆರಿಕದಿಂದ ಹಿಂದಿರುಗಿದ ಡಾಮ್ ಉಲ್ಲಿಸ್, ಕ್ರೋಧವೇ ಮೈವೆತ್ತ ರೂಮಿ, ಕವಿಯೂ ಚಿತ್ರಕಾರನೂ ಆದ ಜೇವಿಯರ್ ಇವರು ಅಲ್ಲಿಗೆ ಬಂದು ಹೋಗುವವರು. ಅಲ್ಲಿಯೇ ಇರುವವಳು ಡಿಂಪಲ್. ಹಿಜಡಾ ಸಮುದಾಯದವಳು, ವೇಶ್ಯಾಗೃಹವೊಂದರ ನಿವಾಸಿ, ರಶೀದನ ಗಿರಾಕಿಗಳಿಗೆ ಅಫೀಮಿನ ಕೊಳವೆಯನ್ನು ಸಿದ್ಧಪಡಿಸಿ ಕೊಡುವುದು ಅವಳ ಕೆಲಸ.

ಈ ಕಾದಂಬರಿಗೆ ಸಂದ ಪ್ರಶಂಸೆಯ ಬಹುಭಾಗ ಅದರ ಪ್ರಸ್ತಾವನೆಗೆ ಸಂದಿದೆ. ಹಲವು ಪುಟಗಳ ಉದ್ದಕ್ಕೂ ಪೂರ್ಣವಿರಾಮವಿಲ್ಲದೆ ಹರಿಯುವ ಒಂದೇ ವಾಕ್ಯ ಅದು. ಹೊಗೆ ಸುರುಳಿಯಾಗಿ ಏರುವಂತೆ ವಾಕ್ಯ ಏರುತ್ತದೆಂದು ಮೆಚ್ಚಿದವರುಂಟು. ವಾಕ್ಯಶಿಲ್ಪ ಸಮರ್ಥವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಡಿ ಕ್ವಿನ್ಸಿಗೂ ಬರುತ್ತಿದ್ದ ವಿದ್ಯೆ. ಕಾದಂಬರಿಯ ನಿಜವಾದ ಬೆಲೆ ಬೇರೆಡೆಯಲ್ಲಿದೆ. ಚಂಡೂಖಾನೆಯನ್ನು ಅದು ಕನಸಿನ ಗುಹೆಯೆಂದು ಮಾತ್ರ ಕಾಣದೆ ಒಂದು ಕಾರ್ಯಾಗಾರವೆಂದೂ ಕಂಡಿದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬರುವ ಕೆಲಸಗಾರರಿದ್ದಾರೆ, ಕಲಿತು ಪಡೆದ ಕುಶಲತೆಯಿದೆ, ಹಣ ಎಣಿಸುವವನಿದ್ದಾನೆ, ಮಾಲೀಕನಿದ್ದಾನೆ. ಆಂಗ್ಲ ಭಾಷೆಯ ವಿಮರ್ಶಕರು ಇದನ್ನು ಹಿನ್ನೆಲೆಯೆಂದು ತಿಳಿದು ಮುಂದೆ ನಡೆದುಬಿಟ್ಟರು. ಅದು ಹಿನ್ನೆಲೆಯಲ್ಲ, ವಸ್ತುವೇ ಅದು.

ಡಿಂಪಲ್ ಮಾಡುವ ಕೆಲಸವೆಂತಹುದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಏಕೆಂದರೆ ಮುಂದೆ ನಡೆಯುವ ದುರಂತದ ಕೀಲು ಅದರಲ್ಲಿಯೇ ಇದೆ. ಸೇದುವ ಅಫೀಮು ಗಸಗಸೆಯ ಕಾಯಿಯಿಂದ ಒಸರಿದ ಹಾಲು ಹೆಪ್ಪುಗಟ್ಟಿದ ಕಚ್ಚಾ ರೂಪದಲ್ಲಿ ಬಳಕೆಗೆ ಬಾರದು. ಅದನ್ನು ನೀರಿನಲ್ಲಿ ಕರಗಿಸಿ, ಸೋಸಿ, ಕಾಯಿಸಿ ಕಾಕಂಬಿಯ ಹದಕ್ಕೆ ತರಬೇಕು. ಇದು ಚಂಡು. ಅದರಲ್ಲಿ ಒಂದು ತೊಟ್ಟನ್ನು ಸೂಜಿಯ ತುದಿಗೆ ಎತ್ತಿ ಎಣ್ಣೆಯ ದೀಪದ ಮೇಲೆ ಹಿಡಿದಾಗ ಅದು ಉಬ್ಬುತ್ತದೆ, ಬಣ್ಣ ತಿರುಗುತ್ತದೆ. ಕರಿಕಾಗುವ ಮೊದಲೇ ಹೊರಳಿಸಿ ಗುಳಿಗೆ ಮಾಡಿ ಕೊಳವೆಯ ಬುರುಡೆಯ ಸಣ್ಣ ರಂಧ್ರದ ಮೇಲೆ ಕೂಡಿಸಬೇಕು. ಗಿರಾಕಿ ಒಂದು ಮಗ್ಗುಲಿಗೆ ಒರಗಿ ಎಳೆಯುತ್ತಿರುವಷ್ಟು ಹೊತ್ತೂ ಬುರುಡೆಯನ್ನು ಜ್ವಾಲೆಗೆ ಸರಿಯಾದ ಅಂತರದಲ್ಲಿ ಹಿಡಿದಿರಬೇಕು. ಉರಿ ಹೆಚ್ಚಿದರೆ ಸರಕು ಸುಟ್ಟುಹೋಗುತ್ತದೆ, ಕಡಮೆಯಾದರೆ ಆವಿಯೇಳದು. ಬುರುಡೆಯಲ್ಲಿ ಉಳಿದ ಕಿಟ್ಟವನ್ನು ಕೆರೆದು ತೆಗೆಯುವುದೂ ಅದೇ ಕೈಯ ಕೆಲಸ. ಆ ಕಿಟ್ಟಕ್ಕೂ ಬಡವರಲ್ಲಿ ಬೇಡಿಕೆಯುಂಟು. ಒಬ್ಬ ಗಿರಾಕಿಯ ಸೇವೆಗೆ ಹಿಡಿಯುವ ಹೊತ್ತು ಇದರಿಂದ ಗೊತ್ತಾಗುತ್ತದೆ. ಮಲಗಲು ಸ್ಥಳ, ದೀಪ, ಕೊಳವೆ, ಎಲ್ಲಕ್ಕಿಂತ ಮಿಗಿಲಾಗಿ ತಿಳಿದ ಕೈ, ಇವಿಲ್ಲದೆ ಅಫೀಮಿನ ವ್ಯಾಪಾರ ನಡೆಯದು. ಡಿಂಪಲ್‌ಗೆ ಆ ಕೇರಿಯಲ್ಲಿದ್ದ ಮರ್ಯಾದೆಯ ಮೂಲ ಇದೇ. ಆಕೆಯ ದೇಹಕ್ಕೆ ಬೆಲೆ ಕಟ್ಟುವವರು ಬೇಕಾದಷ್ಟು ಜನ. ಆಕೆಯ ಕೈಗೆ ಬೆಲೆ ಕೊಟ್ಟ ಸ್ಥಳ ಅದೊಂದೇ.

ಆಕೆಯ ಪೂರ್ವವೃತ್ತಾಂತವನ್ನು ಥಾಯಿಲ್ ಅಬ್ಬರವಿಲ್ಲದೆ ಹೇಳಿದ್ದಾರೆ. ಎಳೆವಯಸ್ಸಿನಲ್ಲಿಯೇ ಹೆತ್ತವಳು ಬಿಟ್ಟುಕೊಟ್ಟ ಮಗು, ತಿಳಿವಳಿಕೆ ಬರುವ ಮುನ್ನವೇ ನಡೆದ ನಿರ್ಬೀಜೀಕರಣ, ಆ ಬಳಿಕ ವೇಶ್ಯಾಗೃಹ. ಅಫೀಮು ಆಕೆಯ ಬಾಳಿನಲ್ಲಿ ಪ್ರವೇಶಿಸುವುದು ಸುಖಕ್ಕಾಗಿಯಲ್ಲ, ನೋವಿಗೆ ಮದ್ದೆಂದು. ಇಲ್ಲಿ ಕಾದಂಬರಿಕಾರರ ವಿವೇಕ ಮೆಚ್ಚತಕ್ಕದ್ದು. ಡಾಮ್ ಮೊದಲಾದವರು ಅಫೀಮನ್ನು ಅರಸಿ ಬಂದವರು. ಡಿಂಪಲ್‌ಳನ್ನು ಅಫೀಮೇ ಅರಸಿ ಬಂದಿತು. ಎರಡನ್ನೂ ವ್ಯಸನವೆಂಬ ಒಂದೇ ಪದದಿಂದ ಕರೆಯುವಲ್ಲಿ ಎಷ್ಟೊಂದು ಸಂಗತಿ ಮರೆಯಾಗುತ್ತದೆಂಬುದನ್ನು ಕತೆ ತಾನಾಗಿ ತೋರಿಸುತ್ತದೆ. ಆಕೆ ಓದನ್ನು ಸ್ವಂತವಾಗಿ ಕಲಿಯುತ್ತಾಳೆ, ಸಿಕ್ಕಿದುದನ್ನೆಲ್ಲ ಓದುತ್ತಾಳೆ. ಮುಂದೆ ರಶೀದನು ಆಕೆಯನ್ನು ತನ್ನ ಆಶ್ರಯದಲ್ಲಿರಿಸಿಕೊಂಡು ಜೀನತ್ ಎಂಬ ಹೊಸ ಹೆಸರನ್ನಿಟ್ಟಾಗ, ಸೀರೆ ಬುರ್ಖಾಗಳೆರಡನ್ನೂ ಉಟ್ಟು ತೊಟ್ಟು ಎರಡು ಹೆಸರುಗಳಲ್ಲಿ ಬಾಳುವ ಈಕೆಯ ಸ್ಥಿತಿ ೧೯೯೨-೯೩ರ ಗಲಭೆಗಳ ಮುಂಬಯಿಯಲ್ಲಿ ಎಷ್ಟು ಅಪಾಯಕರವಾದುದೆಂಬುದನ್ನು ವಾಚಕನಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಡಿಂಪಲ್ ಈ ವಿದ್ಯೆಯನ್ನು ಕಲಿತದ್ದು ಲೀ ಎಂಬ ಚೀನೀಯನಿಂದ. ಚೀನದ ಸೈನ್ಯದಲ್ಲಿದ್ದು, ದೇಶ ಬಿಟ್ಟು ಓಡಿಬಂದು, ಮುಂಬಯಿಯಲ್ಲಿ ನೆಲೆನಿಂತ ಮುದುಕ ಆತ. ಅವನ ತಂದೆ ಲೇಖಕ. ಆ ಕಾಲದ ಚೀನದಲ್ಲಿ ಲೇಖಕನ ಪಾಡೇನಾಯಿತೆಂಬುದು ಎರಡನೆಯ ಭಾಗದ ವಸ್ತು. ಈ ಭಾಗ ಕತೆಯಿಂದ ದೂರ ಸರಿಯಿತೆಂದು ಕೆಲವರಿಗೆ ತೋರಬಹುದು. ಮುಂಬಯಿಯ ಚರಿತ್ರೆಯನ್ನು ಬಲ್ಲವರಿಗೆ ಹಾಗೆ ತೋರದು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಕ್ಕೆ ಹೋಗುತ್ತಿದ್ದಿತು. ಬಂಗಾಳ ಬಿಹಾರಗಳಲ್ಲಿ ಕಂಪನಿ ಸರಕಾರ ಏಕಸ್ವಾಮ್ಯವನ್ನಿಟ್ಟುಕೊಂಡಿತ್ತು. ದೇಶೀಯ ಸಂಸ್ಥಾನಗಳ ಮಾಳವದಲ್ಲಿ ಅದು ಸಾಧ್ಯವಾಗದೆ, ೧೮೩೧ರ ಸುಮಾರಿನಿಂದ ರಹದಾರಿ ಸುಂಕ ಪಡೆದು ಸರಕನ್ನು ಮುಂಬಯಿಗೆ ಬಿಡುವ ಏರ್ಪಾಡನ್ನು ಮಾಡಿತು. ಪೆಟ್ಟಿಗೆಗೆ ಇಷ್ಟೆಂದು ಸುಂಕ. ಸರಕು ಒಳ್ಳೆಯದೋ ಕೆಟ್ಟದ್ದೋ ಎಂಬ ವಿಚಾರ ಸುಂಕದ ಕಟ್ಟೆಯಲ್ಲಿ ಬರಲಿಲ್ಲ. ೧೮೪೩ರಲ್ಲಿ ಸಿಂಧ್ ಬ್ರಿಟಿಷರ ವಶವಾದ ಮೇಲೆ ಬೇರೆ ದಾರಿಗಳು ಮುಚ್ಚಿ ಮುಂಬಯಿಯ ಪಾಲು ಇನ್ನಷ್ಟು ಬೆಳೆಯಿತು. ಪಾರ್ಸಿ, ಗುಜರಾತಿ, ಮಾರವಾಡಿ, ಕೊಂಕಣಿ ಮುಸಲ್ಮಾನ ವರ್ತಕರು ಈ ವ್ಯಾಪಾರದಲ್ಲಿ ತೊಡಗಿದ್ದರು. ಅವರಲ್ಲಿ ಅಗ್ರಗಣ್ಯರಾದ ಜಮ್ಶೇಟ್‌ಜಿ ಜೀಜೀಭಾಯಿ ಅವರು ಗಳಿಸಿದ ಸಂಪತ್ತಿನಿಂದ ದಾನಧರ್ಮಗಳನ್ನು ಮುಕ್ತಹಸ್ತದಿಂದ ನಡೆಸಿದರು. ಅವರ ಹೆಸರಿನ ಆಸ್ಪತ್ರೆ ೧೮೪೫ರಲ್ಲಿ ಆರಂಭವಾಯಿತು. ಶುಕ್ಲಾಜಿ ಬೀದಿಯಿಂದ ಆ ಆಸ್ಪತ್ರೆಗೆ ನಡೆದೇ ಹೋಗಬಹುದು. ೧೮೯೩ರಲ್ಲಿ ನೇಮಕವಾದ ರಾಜಾಯೋಗ ೧೮೯೫ರ ತನ್ನ ವರದಿಯಲ್ಲಿ ಭಾರತದ ಅಫೀಮು ಬಳಕೆಯನ್ನು ಹೆಚ್ಚು ಗಂಭೀರವೆಂದು ಎಣಿಸಲಿಲ್ಲ. ಬೊಕ್ಕಸದ ಹಿತವೂ ಆಯೋಗದ ಅಭಿಪ್ರಾಯವೂ ಒಂದೇ ದಿಕ್ಕಿನಲ್ಲಿದ್ದುವು. ೧೯೦೭ರ ಒಪ್ಪಂದದ ತರುವಾಯ ಚೀನಕ್ಕೆ ರಫ್ತು ಕ್ರಮವಾಗಿ ನಿಂತಿತು.

ಇಷ್ಟನ್ನು ನೆನಪಿನಲ್ಲಿಟ್ಟರೆ ಲೀಯ ಕತೆಯ ಅರ್ಥ ಸ್ಪಷ್ಟವಾಗುತ್ತದೆ. ಮುಂಬಯಿಯಿಂದ ಪೆಟ್ಟಿಗೆಗಳಲ್ಲಿ ಹೋದ ಸರಕು ಶತಮಾನ ಕಳೆದ ಮೇಲೆ ಒಬ್ಬ ಚೀನೀ ಮುದುಕನ ಕೈಯಲ್ಲಿ ಕೊಳವೆಯಾಗಿ ಮುಂಬಯಿಗೇ ಹಿಂದಿರುಗಿ ಬಂದಿದೆ. ಅಮಿತಾವ್ ಘೋಷ್ ಅವರು ೨೦೦೮ರಿಂದ ೨೦೧೫ರ ವರೆಗೆ ಪ್ರಕಟಿಸಿದ ಮೂರು ಕಾದಂಬರಿಗಳಲ್ಲಿ ಹೋಗುವ ಹಡಗನ್ನು ಚಿತ್ರಿಸಿದರು. ಥಾಯಿಲ್ ಅವರದು ಮರಳಿ ಬಂದ ಸಾಲದ ಕತೆ. ಲೀ ಸತ್ತ ಮೇಲೆ ಅವನ ಹಳೆಯ, ಅಪೂರ್ವವಾದ ಕೊಳವೆಗಳು ಡಿಂಪಲ್‌ಗೆ ಬರುತ್ತವೆ. ಅವುಗಳನ್ನೇ ಮುಂದಿಟ್ಟು ಆಕೆ ರಶೀದನಲ್ಲಿ ಕೆಲಸವನ್ನು ಪಡೆಯುತ್ತಾಳೆ. ಬಂಡವಾಳ ಹೂಡಿದ ಪಾಲುದಾರಳೆಂದು ಆಕೆಯನ್ನು ಕರೆಯಬೇಕಾದದ್ದು ನ್ಯಾಯ. ಆದರೆ ಅಂಗಡಿ ರಶೀದನದು, ಲಾಭವೂ ಅವನದು, ಆಕೆಗೆ ಕೂಲಿ. ಈ ವ್ಯವಹಾರವನ್ನು ಕಾದಂಬರಿ ಯಾವ ಟಿಪ್ಪಣಿಯೂ ಇಲ್ಲದೆ ದಾಖಲಿಸುತ್ತದೆ. ಅತ್ಯುತ್ತಮವಾದ ಪುಟಗಳಲ್ಲಿ ಇವೂ ಸೇರಿವೆ.

ಆಮೇಲೆ ಗರದ್ ಬರುತ್ತದೆ. ಕಂದು ಬಣ್ಣದ ಕೀಳುದರ್ಜೆಯ ಹೆರಾಯಿನ್‌ಗೆ ಮುಂಬಯಿಯ ಬೀದಿಗಳಲ್ಲಿ ಇದೇ ಹೆಸರು. ಧೂಳೆಂಬ ಅರ್ಥದ ಪಾರಸಿ ‘ಗರ್ದ್’ ಶಬ್ದದಿಂದ ಬಂದುದು. ವಿಷವೆಂಬ ಅರ್ಥದ ಸಂಸ್ಕೃತದ ‘ಗರ’ಕ್ಕೆ ಅದು ಕಿವಿಗೆ ಹತ್ತಿರವಾಗಿರುವುದು ಕೇವಲ ಆಕಸ್ಮಿಕ. (ಅಫೀಮಿನ ಹೆಸರಿಗೂ ಹೀಗೆಯೇ ಆಗಿದೆ: ಅರಬ್ಬಿಯ ‘ಅಫ್ಯೂನ್’ ಶಬ್ದವನ್ನು ನಮ್ಮ ವೈದ್ಯಗ್ರಂಥಕಾರರು ‘ಅಹಿಫೇನ’, ಎಂದರೆ ಹಾವಿನ ನೊರೆ, ಎಂದು ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಭಾಷೆ ಕೆಲವೊಮ್ಮೆ ವೈದ್ಯನಿಗಿಂತ ಮೊದಲೇ ರೋಗವನ್ನು ಗುರುತಿಸುತ್ತದೆ.) ೧೯೭೯ರ ಇರಾನಿನ ಕ್ರಾಂತಿ, ಅದೇ ವರ್ಷಾಂತ್ಯದಲ್ಲಿ ಅಫಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ, ಇವುಗಳಿಂದ ಹಳೆಯ ದಾರಿಗಳು ತಪ್ಪಿ ಎಂಬತ್ತರ ದಶಕದ ಆರಂಭದಲ್ಲಿ ಈ ಪುಡಿ ಮುಂಬಯಿಗೆ ಹೇರಳವಾಗಿ ಬರತೊಡಗಿತು. ೧೯೮೫ರಲ್ಲಿ ಮಾದಕ ದ್ರವ್ಯಗಳ ಕೇಂದ್ರ ಕಾಯಿದೆ ಜಾರಿಗೆ ಬಂದಿತು. ಅಲ್ಪ ಪ್ರಮಾಣದ ಸ್ವಂತ ಬಳಕೆಗೆ ಲಘು ಶಿಕ್ಷೆಯಿತ್ತಾದರೂ, ಮಾರಾಟ ಸಾಗಾಣಿಕೆಗಳ ವಿಷಯದಲ್ಲಿ ಅಫೀಮಿಗೂ ಹೆರಾಯಿನ್‌ಗೂ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವನ್ನೇ ಅದು ವಿಧಿಸಿತು. ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯನ್ನು ವಿಂಗಡಿಸಿದ ತಿದ್ದುಪಡಿ ಬಂದುದು ೨೦೦೧ರಲ್ಲಿ. ಶಿಕ್ಷೆ ಒಂದೇ ಆದ ಮೇಲೆ ಜಾಗ ಹಿಡಿಯುವ, ವಾಸನೆಯಿಂದ ಸಿಕ್ಕಿಬೀಳುವ, ಲಾಭ ಕಡಮೆಯಿರುವ ಸರಕನ್ನು ಯಾವ ವ್ಯಾಪಾರಿ ಇಟ್ಟುಕೊಂಡಾನು ಎಂದು ಈ ಕಾಯಿದೆಯ ಟೀಕಾಕಾರರು ವಾದಿಸಿದ್ದಾರೆ. ವಾದದಲ್ಲಿ ಹುರುಳಿದೆ.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಗರದ್ ತಂದ ಬದಲಾವಣೆ ಸರಕಿನದಷ್ಟೇ ಅಲ್ಲ. ಅದನ್ನು ಸೇದಲು ಸಿಗರೇಟು ಪೊಟ್ಟಣದ ಬೆಳ್ಳಿಹಾಳೆಯೊಂದು, ಕಡ್ಡಿಪೆಟ್ಟಿಗೆಯೊಂದು, ಸುರುಳಿ ಮಾಡಿದ ಕಾಗದವೊಂದು ಸಾಕು. ಚಾಪೆ ಬೇಡ, ದೀಪ ಬೇಡ, ಕೊಳವೆ ಬೇಡ. ಗಿರಾಕಿ ಗಂಟೆಗಟ್ಟಲೆ ಮಲಗಿ ಸ್ಥಳವನ್ನು ಹಿಡಿಯುವುದಿಲ್ಲ. ಮೂಲೆಯಲ್ಲಿ ಕುಕ್ಕರಿಸಿ ಮುಗಿಸಿ, ಅಮಲಿಳಿದೊಡನೆ ಮತ್ತೆ ಬರುತ್ತಾನೆ. ಸ್ಥಿರವಾದ ಖರ್ಚು ಇಳಿದು ವಹಿವಾಟು ಏರುತ್ತದೆ. ಈ ಹೊಸ ಲೆಕ್ಕದಲ್ಲಿ ತಿಳಿದ ಕೈಗೆ ಕಾಲಂ ಇಲ್ಲ. ಡಿಂಪಲ್ ಇಲ್ಲದೆಯೂ ವ್ಯಾಪಾರ ನಡೆಯುತ್ತದೆ. ಆಕೆ ಕೆಲಸಗಾರಳ ಸ್ಥಾನದಿಂದ ಗಿರಾಕಿಯ ಸ್ಥಾನಕ್ಕೆ ಇಳಿದುಬಿಡುತ್ತಾಳೆ. ಇದುವರೆಗೆ ಆಕೆಯೂ ಸೇದುತ್ತಿದ್ದಳು, ನಿಜ. ಆದರೆ ಸೇದುವುದರ ಸುತ್ತ ಒಂದು ದಿನಚರಿಯಿತ್ತು, ಇನ್ನೊಬ್ಬರಿಗಾಗಿ ಮಾಡುವ ಕೆಲಸವಿತ್ತು. ಕೆಲಸ ಹೋಗಿ ಸೇದುವುದೊಂದೇ ಉಳಿದಾಗ ಆಕೆಯ ಅವನತಿ ತ್ವರಿತವಾಗುತ್ತದೆ. ವಿಷ ಬೆರೆತ ಕಲಬೆರಕೆಯ ಪುಡಿ ಕೇರಿಗೆ ಬರುವುದನ್ನು ಹೇಳುವ ಅಧ್ಯಾಯಗಳಲ್ಲಿ ಥಾಯಿಲ್ ಅವರ ಗದ್ಯ ತನ್ನ ಅಲಂಕಾರಗಳನ್ನೆಲ್ಲ ಕಳಚಿ ನಿಲ್ಲುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಅಫೀಮಿನ ಕಾಲ ಒಳ್ಳೆಯದು, ಗರದ್‌ನ ಕಾಲ ಕೆಟ್ಟದ್ದು ಎಂಬ ಈ ವಿಂಗಡಣೆ ಸತ್ಯವೋ, ವ್ಯಸನಿಯ ಹಳೆಯ ಕಾಲದ ಹಂಬಲವೋ? ಕಾದಂಬರಿಯ ಕೆಲವು ಭಾಗಗಳಲ್ಲಿ ಹಂಬಲವೇ ಮೇಲುಗೈ ಪಡೆದಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಚಂಡೂಖಾನೆಯ ನಯ, ಉಪಚಾರ, ಮೆಲುಮಾತುಗಳನ್ನು ಹೇಳುವಾಗ ಲೇಖನಿ ತಾನೇ ಒರಗಿಕೊಂಡಂತೆ ಭಾಸವಾಗುತ್ತದೆ. ಅಫೀಮೂ ಮನೆಗಳನ್ನು ಹಾಳುಮಾಡಿತು. ದಿನಗೂಲಿಯ ಹಣ ಮನೆಗೆ ಬಾರದೆ ದೀಪದ ಮುಂದೆ ಕರಗಿಹೋದ ಸಂಸಾರಗಳು ಆ ಕಾಲದಲ್ಲಿಯೂ ಇದ್ದೇ ಇದ್ದುವು. ಆ ಮನೆಯ ಹೆಂಗಸರ ಪಾಲಿಗೆ ಚಂಡೂಖಾನೆಯ ನಯದಿಂದ ಯಾವ ಪ್ರಯೋಜನವೂ ಇರಲಿಲ್ಲ. ಡಾಮ್ ನೆನೆಯುವ ಸುವರ್ಣಯುಗ ಗಿರಾಕಿಯ ಸುವರ್ಣಯುಗ. ಆದರೆ ಡಿಂಪಲ್‌ಳ ನಷ್ಟ ಬೇರೆ ಬಗೆಯದು. ಆಕೆ ಕಳೆದುಕೊಂಡದ್ದು ಒಂದು ಕಸುಬನ್ನು. ಈ ಎರಡು ನಷ್ಟಗಳನ್ನು ಕಾದಂಬರಿ ಒಂದರೊಡನೊಂದು ಬೆರೆಸಿಬಿಟ್ಟಿರುವುದರಿಂದಲೇ ಅದು ಹಿಂದಿನ ಕಾಲವನ್ನು ಬಣ್ಣಿಸುವ ಕೃತಿಯೆಂದು ಹಲವರಿಗೆ ತೋರಿತು.

ಕಸುಬು ಕಳೆದುಕೊಂಡವರು ಆ ದಶಕದಲ್ಲಿ ಡಿಂಪಲ್ ಒಬ್ಬಳೇ ಅಲ್ಲ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಬಟ್ಟೆಗಿರಣಿಗಳ ಸುಮಾರು ೨.೫ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. ಅಸಂಖ್ಯಾತ ಜನ ಕೆಲಸಕ್ಕೆ ಹಿಂದಿರುಗಲೇ ಇಲ್ಲ. ಭಾಯಖಳಾ, ಲಾಲಬಾಗ, ಪರಳಗಳ ಆ ಗಿರಣಿಯ ಊರು ಶುಕ್ಲಾಜಿ ಬೀದಿಗೆ ನೆರೆಯಲ್ಲಿಯೇ ಇದೆ. ಗರದ್ ಹರಡಿದ ವರ್ಷಗಳೂ ಗಿರಣಿಯ ಚಿಮಣಿಗಳು ಆರಿದ ವರ್ಷಗಳೂ ಒಂದೇ. ಒಂದಕ್ಕೊಂದು ಕಾರಣವೆಂದು ಹೇಳುವುದು ಆತುರದ ಮಾತಾದೀತು. ಆದರೂ ಬಡವರ ಕೇರಿಯ ಕತೆಯನ್ನು ಮೂವತ್ತು ವರ್ಷಗಳ ಹರವಿನಲ್ಲಿ ಹೇಳಹೊರಟ ಕಾದಂಬರಿಯ ಕಥಾಶರೀರದೊಳಕ್ಕೆ ಈ ಮಹಾಘಟನೆ ಬಾರದಿರುವುದು ಸಣ್ಣ ಲೋಪವಲ್ಲ. ಅದರ ಬದಲು ಬೀದಿಯಲ್ಲಿ ಮಲಗಿದವರ ತಲೆಗಳನ್ನು ಕಲ್ಲಿನಿಂದ ಜಜ್ಜುವ ಕೊಲೆಗಾರನೊಬ್ಬನ ಎಳೆಯನ್ನು ತಂದಿದ್ದಾರೆ. ಭಯಾನಕ ರಸಕ್ಕೆ ಅದು ಒದಗುತ್ತದೆಯೇ ಹೊರತು ಕೇರಿಯ ಅರಿವನ್ನು ಹೆಚ್ಚಿಸುವುದಿಲ್ಲ. ರೂಮಿಯ ದೀರ್ಘ ಭಾಷಣಗಳ ವಿಷಯವೂ ಅಷ್ಟೆ.

ದೋಷದ ಮೂಲ ನೋಡುವ ಕಣ್ಣು ಎಲ್ಲಿದೆಯೆಂಬುದರಲ್ಲಿದೆ. ಕೇರಿ ನಮಗೆ ಕಾಣುವುದು ಬಹುಮಟ್ಟಿಗೆ ಚಾಪೆಯ ಮೇಲೆ ಒರಗಿದ ಅತಿಥಿಯ ಕಣ್ಣಿನಿಂದ. ನಸುಕಿನ ನಲ್ಲಿ, ರೇಷನ್ ಅಂಗಡಿಯ ಸಾಲು, ಮಕ್ಕಳ ಶಾಲೆ, ಬಾಡಿಗೆಯ ಜಗಳ, ಅಮಲನ್ನೇ ಕಾಣದ ಸಾವಿರಾರು ಜನರ ದಿನನಿತ್ಯದ ಬಾಳು ಅಪರೂಪವಾಗಿ ಇಣುಕುತ್ತವೆ. ಇದೇ ನೆಲವನ್ನು ನಾಲ್ಕು ದಶಕಗಳ ಮೊದಲೇ ಒಳಗಿನಿಂದ ಕಂಡ ಕೃತಿಯೆಂದರೆ ೧೯೭೨ರಲ್ಲಿ ಬಂದ ನಾಮದೇವ ಢಸಾಳರ ಮರಾಠಿ ಕವನ ಸಂಗ್ರಹ ‘ಗೋಲಪೀಠಾ’. ಪುಣೆಯ ಸಮೀಪದ ಹಳ್ಳಿಯಿಂದ ಬಾಲ್ಯದಲ್ಲಿ ಬಂದು ಆ ಕೇರಿಯಲ್ಲಿಯೇ ಬೆಳೆದು, ಟ್ಯಾಕ್ಸಿ ಓಡಿಸಿದ ಕವಿ ಅವರು. ಮುನ್ನುಡಿ ಬರೆದ ವಿಜಯ ತೆಂಡೂಲಕರರಂತಹವರಿಗೂ ಅಲ್ಲಿನ ಎಷ್ಟೋ ಶಬ್ದಗಳನ್ನು ಕವಿಯಿಂದಲೇ ಕೇಳಿ ತಿಳಿಯಬೇಕಾಯಿತು. ಢಸಾಳರ ಕವಿತೆಯಲ್ಲಿ ಅಮಲು ಒಂದು ವಿಶೇಷ ಲೋಕವಲ್ಲ. ಹಸಿವು, ರೋಗ, ಜಾತಿ, ಪೋಲೀಸ್, ಕಾಮ ಇವುಗಳ ಸಾಲಿನಲ್ಲಿ ಅದೂ ಒಂದು. ಕೇರಿಗೆ ಬಾಗಿಲುಗಳಿರುವುದಿಲ್ಲ, ಒಳಬಂದು ಹೊರಹೋಗುವ ಸೌಲಭ್ಯ ಅಲ್ಲಿ ಯಾರಿಗೂ ಇಲ್ಲ. ಥಾಯಿಲ್ ಅವರ ಪಾತ್ರಗಳಲ್ಲಿ ಡಾಮ್‌ಗೆ ಹೊರಗೆ ಹೋಗುವ ಬಾಗಿಲಿದೆ, ಜೇವಿಯರ್‌ಗೂ ಇದೆ. ಡಿಂಪಲ್‌ಗೆ ಇರುವ ಒಂದೇ ಬಾಗಿಲು ವ್ಯಸನ ಬಿಡಿಸುವ ಕೇಂದ್ರದ್ದು. ಅದನ್ನು ಹೊಕ್ಕರೂ ಆಕೆಯ ಆಯುಸ್ಸು ಉಳಿಯಲಿಲ್ಲ.

ಮುಂಬಯಿಯ ಕನ್ನಡ ಸಾಹಿತ್ಯವನ್ನು ಈ ಸಂದರ್ಭದಲ್ಲಿ ನೆನೆಯುವುದು ಅಪ್ರಕೃತವಾಗದು. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಕಂಪನಿಯ ಅಧಿಕಾರಿಯ ಭಯವನ್ನು ಶೋಧಿಸಿತು. ೧೯೮೬ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘರ್ಷವನ್ನು ವಸ್ತುವಾಗಿ ಮಾಡಿಕೊಂಡಿತು. ಥಾಯಿಲ್ ಅವರು ಬಿಟ್ಟ ಮುಷ್ಕರದ ಲೋಕ ಕನ್ನಡ ಓದುಗನಿಗೆ ಅಪರಿಚಿತವಲ್ಲ. ಥಾಯಿಲ್ ಅವರು ಹೊಕ್ಕ ಬೀದಿ ಮಾತ್ರ ಕನ್ನಡ ಕತೆಗಾರರು ಹೆಚ್ಚಾಗಿ ಹೊಕ್ಕದ್ದಲ್ಲ. ಆ ಕೇರಿಯ ಸುತ್ತಮುತ್ತಣ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರ ಪೀಳಿಗೆಯೇ ಇದ್ದ ಸಮಾಜಕ್ಕೆ ಆ ಬೀದಿ ತಿಳಿಯದುದೇನಲ್ಲ. ತಿಳಿದೂ ಬರೆಯದಿದ್ದುದರಲ್ಲಿ ಸಂಕೋಚವಿದೆ, ಮರ್ಯಾದೆಯ ಹೆದರಿಕೆಯಿದೆ. ಜಯಂತ ಕಾಯ್ಕಿಣಿಯವರು ಈ ಅಂಚಿಗೆ ಬಹಳ ಹತ್ತಿರ ಬಂದವರು. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಅವರ ಮುಂಬಯಿ ಕತೆಗಳಿಗೆ ಸಂದುದೂ ಅದೇ ಡಿ.ಎಸ್.ಸಿ. ಪ್ರಶಸ್ತಿ, ೨೦೧೮ರ ಸಾಲಿನದು. ಅವರ ‘ಒಪೆರಾ ಹೌಸ್’ ಕತೆಯಲ್ಲಿ ಚಿತ್ರಮಂದಿರದ ಕಸ ಗುಡಿಸುವ ಯುವಕನಿಗೆ ಯಾರೋ ಬಿಟ್ಟುಹೋದ ಫ್ಲಾಸ್ಕ್ ಒಂದು ಸಿಕ್ಕುತ್ತದೆ. ಅದರೊಳಗಿನ ಚಹದ ಬಿಸಿ ಇನ್ನೂ ಆರಿಲ್ಲ. ಬಿಟ್ಟುಹೋದವರ ವಸ್ತುವನ್ನು ದುಡಿಯುವವನು ಕಾಪಾಡುವ ಕತೆ ಅದು. ‘ನಾರ್ಕೊಪೊಲಿಸ್’ನಲ್ಲಿ ಇದು ತಲೆಕೆಳಗಾಗಿದೆ, ಮತ್ತು ಈ ತಲೆಕೆಳಗಿನಲ್ಲಿಯೇ ಕಾದಂಬರಿಯ ಬಗೆಹರಿಯದ ಒಂದು ತೊಡಕಿದೆ.

ಪ್ರಸ್ತಾವನೆಯಲ್ಲಿಯೇ ಸೂಚಿಸಿರುವಂತೆ, ಕತೆಯನ್ನು ಹೇಳುತ್ತಿರುವುದು ಅಫೀಮಿನ ಕೊಳವೆ. ಬಹುಕಾಲದ ಮೇಲೆ, ೨೦೦೪ರಲ್ಲಿ, ಡಾಮ್ ಆ ಕೇರಿಗೆ ಮರಳಿ ಬರುತ್ತಾನೆ. ರಶೀದ್ ಮುದುಕನಾಗಿದ್ದಾನೆ, ಅವನ ಮಗ ಜಮಾಲ್ ಹೊಸ ಕಾಲದ ಗಿರಾಕಿಗಳಿಗೆ ಹೊಸ ಕಾಲದ ಮಾಲನ್ನು ಒದಗಿಸುತ್ತಿದ್ದಾನೆ, ಡಿಂಪಲ್ ಸತ್ತಿದ್ದಾಳೆ. ಕೊಳವೆ ಹೇಳಿದುದನ್ನು ತಾನು ಬರೆದುಕೊಂಡುದಷ್ಟೇ ಎಂದು ಡಾಮ್ ಮುಗಿಸುತ್ತಾನೆ. ನಗರದ ಹಳೆಯ ಹೆಸರಿನಿಂದ ಮೊದಲಾದ ಪುಸ್ತಕ ಅದೇ ಹೆಸರಿನಿಂದ ಕೊನೆಗಾಣುತ್ತದೆ. ತಂತ್ರದ ದೃಷ್ಟಿಯಿಂದ ಇದು ಚೊಕ್ಕವಾದ ಮುಕ್ತಾಯ. ಆದರೆ ಆ ಕೊಳವೆಗಳನ್ನು ಲೀಯಿಂದ ಪಡೆದವಳು, ಅವುಗಳನ್ನು ಒರೆಸಿ ಕಾಪಾಡಿದವಳು, ರಶೀದನ ಅಂಗಡಿಗೆ ತನ್ನ ಪಾಲೆಂದು ತಂದವಳು ಡಿಂಪಲ್. ಓದು ಕಲಿತಿದ್ದವಳೂ ಆಕೆಯೇ. ಇಷ್ಟಾಗಿಯೂ ಸಲಕರಣೆಗೆ ಬಾಯಿ ಬಂದಿತು, ಗಿರಾಕಿಗೆ ಲೇಖನಿ ಬಂದಿತು. ಸೂಜಿ ಹಿಡಿದಿದ್ದ ಕೈಗೆ ಬರೆಯುವ ಸರದಿ ಬರಲಿಲ್ಲ.